ಡಿಸ್ಕ್ ಬರ್ನ್ ಫೇಲ್: ಕೆಟ್ಟಿದ್ದು ಯಾವ ಹೊತ್ತಿಗೆ?

ಡಿಸ್ಕ್ ಬರ್ನ್ ಫೇಲ್ ಆದಾಗ ನಾವೆಲ್ಲ ಮೊದಲು ಕೇಳೋದು "ಯಾಕೆ?" ಅಂತ. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ "ಯಾವಾಗ?". ಶುರು ಆಗೋಕೆ ಮುಂಚೆಯೇ ನಿಂತಿತಾ? ಅರ್ಧಕ್ಕೆ ನಿಂತಿತಾ? ಕೊನೆಗೆ ಬಂದು ಕೈಕೊಟ್ಟಿತಾ? ಇಲ್ಲಾ ಎಲ್ಲಾ ಸರಿಯಾಯ್ತು ಅಂತ ಮೆಸೇಜ್ ಕೊಟ್ಟು ಆಮೇಲೆ ಪ್ಲೇಯರ್‌ನಲ್ಲಿ ಓಡಲಿಲ್ವಾ? ಈ ನಾಲ್ಕಕ್ಕೂ ಕಾರಣಗಳು ಬೇರೆ ಬೇರೆ. ಹೊತ್ತು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಪೆನ್‌ಡ್ರೈವ್ ಇರುವಾಗ ಈಗ್ಯಾರು ಡಿಸ್ಕ್ ಬರೀತಾರೆ ಅಂತ ನೀವು ನಗಬಹುದು. ಆದರೆ ನಮ್ಮ ಮನೆಗಳ ಷೋಕೇಸ್ ತೆಗೆದು ನೋಡಿ. ಮದುವೆ, ಜಾತ್ರೆ, ನಾಟಕ, ಎಲ್ಲಾ 2000ದ ದಶಕದ ಸಿಡಿಗಳಲ್ಲೇ ಇವೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ನಾವು ಒಂದಷ್ಟು ಗೆಳೆಯರು ಹೋದ ರಜೆಯಲ್ಲಿ ಮನೆಯ ಹಳೆ ಡಿಸ್ಕ್‌ಗಳನ್ನೆಲ್ಲ ಒಂದು ಕಡೆ ತಂದು ಕಾಪಿ ಮಾಡಿದ್ವಿ. ಅದರಲ್ಲಿ ಕುರುಗೋಡಿನ ಒಂದು ದೊಡ್ಡಾಟದ ವಿಸಿಡಿ ಇತ್ತು. ನಮ್ಮಲ್ಲೊಬ್ಬರ ತಾತ ಅದರಲ್ಲಿ ಭೀಮನ ಪಾತ್ರ ಮಾಡಿದ್ದಾರೆ. ತಾತ ಈಗಿಲ್ಲ, ಅವರ ದನಿ ಉಳಿದಿರೋದು ಆ ಒಂದೇ ಡಿಸ್ಕ್‌ನಲ್ಲಿ. ಅಜ್ಜಿಗೆ ಮೊಬೈಲ್ ಪರದೆ ಸರಿಯಾಗಿ ಕಾಣಲ್ಲ, ಟಿವಿಗೆ ಹಾಕಿರೋ ಹಳೆ ಪ್ಲೇಯರ್ ಮಾತ್ರ ಗೊತ್ತು. ಹಾಗಾಗಿ ಕಂಪ್ಯೂಟರ್‌ನಲ್ಲಿ ಒಂದು ಕಾಪಿ ಇದ್ದರೆ ಸಾಲದು, ಇನ್ನೊಂದು ಡಿಸ್ಕ್ ಬರೆಯಲೇಬೇಕಿತ್ತು.

ಬರ್ನ್ ಅಂದ್ರೆ ಏನು?

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ ಅಶೋಕನ ಶಾಸನಗಳಿವೆ. ಕಲ್ಲು ಕೆತ್ತಿದ್ದಾರೆ, 2200 ವರ್ಷ ದಾಟಿದರೂ ಅಕ್ಷರ ಹಾಗೇ ಇದೆ. ಅಂಗಡಿಯಲ್ಲಿ ಸಿಗುವ ಸಿನಿಮಾ ಡಿಸ್ಕ್ ಕೂಡ ಒಂಥರಾ ಅದೇ ಜಾತಿ: ಫ್ಯಾಕ್ಟರಿಯಲ್ಲಿ ಅಚ್ಚು ಒತ್ತಿ ಸಣ್ಣ ಸಣ್ಣ ಗುಳಿ ಮಾಡಿರ್ತಾರೆ. ನಾವು ಮನೆಯಲ್ಲಿ ಬರೆಯೋ ಡಿಸ್ಕ್‌ನಲ್ಲಿ ಕೆತ್ತನೆ ಇಲ್ಲ. ಅದರೊಳಗೆ ಒಂದು ತೆಳು ಬಣ್ಣದ ಪದರ ಇರುತ್ತೆ. ಲೇಸರ್ ಬಿಸಿಗೆ ಆ ಬಣ್ಣ ಅಲ್ಲಲ್ಲಿ ಬದಲಾಗುತ್ತೆ. ಓದುವಾಗ ಬದಲಾದ ಜಾಗದಿಂದ ಬೆಳಕು ಕಡಿಮೆ ವಾಪಸ್ ಬರುತ್ತೆ, ಉಳಿದ ಜಾಗದಿಂದ ಜಾಸ್ತಿ ಬರುತ್ತೆ. ಆ ವ್ಯತ್ಯಾಸವೇ ನಮ್ಮ ಡೇಟಾ.

ಅಂದರೆ ಲೇಸರ್, ಬಣ್ಣದ ಪದರ, ಡಿಸ್ಕ್ ತಿರುಗುವ ವೇಗ, ಡೇಟಾ ಬರುವ ವೇಗ, ಈ ನಾಲ್ಕೂ ಹೊಂದಿಕೊಂಡರೆ ಮಾತ್ರ ಬರ್ನ್ ಸರಿಯಾಗುತ್ತೆ. ಈಗ ಒಂದೊಂದೇ ಹೊತ್ತು ನೋಡೋಣ.

1. ಶುರುವಿಗೆ ಮುಂಚೆಯೇ ನಿಂತರೆ

ಇಲ್ಲಿ ಡ್ರೈವ್ ಮತ್ತು ಡಿಸ್ಕ್ ಒಂದಕ್ಕೊಂದು ಒಪ್ಪಿಲ್ಲ ಅಂತ ಅರ್ಥ. ಟ್ರೇ ಮೇಲಿನ ಲೋಗೋ ಓದಿ. ಹಳೆ ಕಂಪ್ಯೂಟರ್‌ಗಳಲ್ಲಿ ಕಾಂಬೋ ಡ್ರೈವ್ ಇರ್ತಿತ್ತು, ಅದು ಡಿವಿಡಿಯನ್ನ ಓದುತ್ತೆ, ಆದರೆ ಬರೆಯೋದು ಸಿಡಿ ಮಾತ್ರ. ಆಮೇಲೆ ಸೈಜ್ ಲೆಕ್ಕ. ಡಿವಿಡಿ ಕವರ್ ಮೇಲೆ 4.7 ಜಿಬಿ ಅಂತ ಇರುತ್ತೆ. ಅದು 1000ದ ಲೆಕ್ಕ. ವಿಂಡೋಸ್ ತೋರಿಸೋದು 1024ರ ಲೆಕ್ಕ, ಅದರ ಪ್ರಕಾರ ಜಾಗ ಇರೋದು ಸುಮಾರು 4.38 ಜಿಬಿ. ವಿಂಡೋಸ್ 4.5 ಜಿಬಿ ಅಂತ ತೋರಿಸುವ ಫೋಲ್ಡರ್ ಹಿಡಿಯಲ್ಲ. ಸಿ ಡ್ರೈವ್‌ನಲ್ಲೂ ಜಾಗ ನೋಡಿ. ಕೆಲವು ಸಾಫ್ಟ್‌ವೇರ್ ಬರೆಯೋಕೆ ಮುಂಚೆ ಪೂರ್ತಿ ಇಮೇಜ್ ಅಲ್ಲೇ ಮಾಡಿಟ್ಟುಕೊಳ್ಳುತ್ತೆ.

"ಡಿವಿಡಿ ಬರೆಯುತ್ತೆ, ಸಿಡಿ ಮಾತ್ರ ಬರೆಯಲ್ಲ" ಅನ್ನೋ ಕೇಸ್ ಕೂಡ ಉಂಟು. ಸಿಡಿಗೆ 780 ನ್ಯಾನೋಮೀಟರ್ ಲೇಸರ್, ಡಿವಿಡಿಗೆ 650. ಒಂದು ಸೋತಿದ್ದರೂ ಇನ್ನೊಂದು ಚೆನ್ನಾಗೇ ಇರಬಹುದು. ಡ್ರೈವ್ ಬರೆಯೋಕೆ ಮುಂಚೆ ಡಿಸ್ಕ್‌ನ ಒಳ ಅಂಚಲ್ಲಿ ಪರೀಕ್ಷೆಗೆ ಸ್ವಲ್ಪ ಬರೆದು, ಲೇಸರ್‌ಗೆ ಎಷ್ಟು ಪವರ್ ಬೇಕು ಅಂತ ನೋಡಿಕೊಳ್ಳುತ್ತೆ. "ಪವರ್ ಕ್ಯಾಲಿಬ್ರೇಷನ್ ಎರರ್" ಬಂದರೆ ಆ ಪರೀಕ್ಷೆಯಲ್ಲೇ ಫೇಲ್. ಬೇರೆ ಕಂಪನಿ ಡಿಸ್ಕ್ ಹಾಕಿ ನೋಡಿ. ಅದೂ ಆಗದಿದ್ದರೆ ಲೆನ್ಸ್ ಮೇಲಿನ ಧೂಳು, ಇಲ್ಲಾ ವಯಸ್ಸಾದ ಲೇಸರ್. ಗಣಿ ಲಾರಿ ಓಡಾಡೋ ರಸ್ತೆ ಪಕ್ಕದ ಮನೆಯವರಿಗೆ ಧೂಳಿನ ಬಗ್ಗೆ ನಾವೇನೂ ಹೇಳಬೇಕಿಲ್ಲ.

2. ನಡುವೆ ನಿಂತರೆ

ಇಲ್ಲಿ ಅನುಮಾನ ಪಡಬೇಕಾದ್ದು ಡೇಟಾ ಬರುವ ದಾರಿ ಮತ್ತು ಕರೆಂಟು. ಸಿಡಿಯಲ್ಲಿ 1 ಎಕ್ಸ್ ಅಂದರೆ ಸೆಕೆಂಡಿಗೆ 150 ಕೆಬಿ, ಡಿವಿಡಿಯಲ್ಲಿ ಸುಮಾರು 1.38 ಎಂಬಿ. ಡಿವಿಡಿಯನ್ನ 8 ಎಕ್ಸ್‌ನಲ್ಲಿ ಬರೆದರೆ ಸೆಕೆಂಡಿಗೆ 11 ಎಂಬಿ ಸತತವಾಗಿ ಬರ್ತಾ ಇರಬೇಕು. ಬರದೇ ಹೋದರೆ ಬಫರ್ ಖಾಲಿ. ಮೊದಲಿನ ಡ್ರೈವ್‌ಗಳಲ್ಲಿ ಹಾಗಾದರೆ ಡಿಸ್ಕ್ ಚಹಾ ಲೋಟದ ಕೆಳಗಿಡೋಕೆ ಮಾತ್ರ ಲಾಯಕ್ಕು. 2000ದ ಸುಮಾರಿಗೆ ಸ್ಯಾನ್ಯೋ ಕಂಪನಿಯ ಬರ್ನ್-ಪ್ರೂಫ್ ತರಹದ ತಂತ್ರ ಬಂತು. ಡ್ರೈವ್ ನಿಂತು, ನಿಂತ ಜಾಗದಿಂದಲೇ ಮುಂದುವರಿಸೋದನ್ನ ಕಲಿತಿತು. ಆದರೂ ಮೊಬೈಲ್‌ನಿಂದ, ಪೆನ್‌ಡ್ರೈವ್‌ನಿಂದ ನೇರ ಬರ್ನ್ ಮಾಡಬೇಡಿ. ಮೊದಲು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ, ಸ್ಲೀಪ್ ಮೋಡ್ ಆಫ್ ಮಾಡಿ, ಆಮೇಲೆ ಶುರು ಮಾಡಿ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇರಲ್ಲ, ಯುಎಸ್‌ಬಿಗೆ ಹಾಕೋ ತೆಳು ಡ್ರೈವ್ ತರ್ತೀವಿ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪ್. ಓದೋಕೆ ಅದು ಸಾಕಾದರೂ ಬರೆಯುವಾಗ ಕೆಲವು ಡ್ರೈವ್‌ಗಳಿಗೆ ಸಾಲಲ್ಲ. "ಓದುತ್ತೆ, ಆದ್ರೆ ಬರೆಯೋಕೆ ಹೋದ್ರೆ ಡಿಸ್ಕನೆಕ್ಟ್ ಆಗುತ್ತೆ" ಅಂದ್ರೆ ಮೊದಲು ಹಬ್ ತೆಗೀರಿ. ನೇರ ಪೋರ್ಟ್‌ಗೆ ಹಾಕಿ, ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟ್‌ಗೆ.

ಇನ್ನು ಮನೆ ಕರೆಂಟು. ಕುಡಿತಿನಿಯಲ್ಲಿ ಅಷ್ಟು ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಇದ್ದರೂ ಊರಲ್ಲಿ ಕರೆಂಟ್ ಹೋಗೋದು ಹೋಗ್ತದೆ. ಇನ್ವರ್ಟರ್ ಇದೆಯಲ್ಲ ಅಂತ ಧೈರ್ಯವಾಗಿರಬೇಡಿ. ಅದು ಬ್ಯಾಟರಿಗೆ ಬದಲಾಗೋ ಆ ಒಂದು ಕ್ಷಣದಲ್ಲೇ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಬಹುದು. ಹಲವು ಇನ್ವರ್ಟರ್‌ಗಳ ಹಿಂದೆ "ಯುಪಿಎಸ್ ಮೋಡ್" ಅಂತ ಸ್ವಿಚ್ ಇರುತ್ತೆ, ಅದರಲ್ಲಿ ಬದಲಾವಣೆ ಬೇಗ ಆಗುತ್ತೆ. ಬೇಸಿಗೆಯಲ್ಲಿ ಬಳ್ಳಾರಿ 40 ಡಿಗ್ರಿ ದಾಟುತ್ತೆ. ಮಧ್ಯಾಹ್ನ ಸಾಲಾಗಿ ನಾಲ್ಕು ಡಿಸ್ಕ್ ಬರೆದು ನಾಲ್ಕನೇದು ಹೋದರೆ ಡ್ರೈವ್ ಕಾದಿರಬಹುದು. ಬೆಳಿಗ್ಗೆ ಬರೀರಿ, ನಡುವೆ ಬಿಡುವು ಕೊಡಿ.

3. ಕೊನೆಗೆ ನಿಂತರೆ

ಡಿಸ್ಕ್ ಬರೆಯೋದು ಒಳಗಿನಿಂದ ಹೊರಗೆ. ಹಾಗಾಗಿ 90 ಪರ್ಸೆಂಟ್‌ನಲ್ಲಿ ನಿಲ್ತು ಅಂದ್ರೆ ಹೊರ ಅಂಚಲ್ಲಿ ನಿಲ್ತು ಅಂತ ಅರ್ಥ. ಕಳಪೆ ಡಿಸ್ಕ್‌ನಲ್ಲಿ ಬಣ್ಣದ ಪದರ ಅಲ್ಲೇ ಏರುಪೇರಾಗಿರೋದು. ತಿರುಗುವಾಗ ಅಲುಗಾಟ ಜಾಸ್ತಿ ಕಾಣೋದೂ ಅಲ್ಲೇ, ಅದರಲ್ಲೂ ಮೇಲೆ ಕಾಗದದ ಸ್ಟಿಕ್ಕರ್ ಓರೆಯಾಗಿ ಅಂಟಿಸಿದ್ದರೆ. ಡಿಸ್ಕ್ ಪೂರ್ತಿ ತುಂಬಿಸದೆ ಸ್ವಲ್ಪ ಜಾಗ ಬಿಡಿ, ವೇಗ ಇಳಿಸಿ. ಹಾಗಂತ ಅತಿ ಕಡಿಮೆ ವೇಗವೇ ಒಳ್ಳೆಯದು ಅನ್ನೋದು ನಿಜವಲ್ಲ. ಡಿಸ್ಕ್ ಮೇಲೆ 16 ಎಕ್ಸ್ ಅಂತಿದ್ದರೆ 8 ಎಕ್ಸ್‌ನಿಂದ ಶುರು ಮಾಡಿ ನೋಡಿ.

4. ಬರೆದ ಮೇಲೆ ಓಡದಿದ್ದರೆ

ಮೊದಲು ಅದೇ ಡಿಸ್ಕನ್ನ ಬರೆದ ಕಂಪ್ಯೂಟರ್‌ನಲ್ಲೇ ತೆಗೆದು ನೋಡಿ. ಅಲ್ಲಿ ಓಡಿ ಪ್ಲೇಯರ್‌ನಲ್ಲಿ ಓಡದಿದ್ದರೆ ತಪ್ಪು ಲೇಸರ್‌ದಲ್ಲ, ನಾವು ಆರಿಸಿದ ಆಯ್ಕೆಯದ್ದು ಇರಬಹುದು. ವಿಂಡೋಸ್ ಖಾಲಿ ಡಿಸ್ಕ್ ಹಾಕಿದಾಗ "ಪೆನ್‌ಡ್ರೈವ್ ತರಹ ಬಳಸಬೇಕಾ, ಸಿಡಿ-ಡಿವಿಡಿ ಪ್ಲೇಯರ್‌ಗೆ ಬೇಕಾ" ಅಂತ ಕೇಳುತ್ತೆ. ಪ್ಲೇಯರ್‌ಗಾದರೆ ಎರಡನೇದು. ಕೊನೆಗೆ ಫೈನಲೈಸ್ ಆಗಿರಬೇಕು, ಇಲ್ಲದಿದ್ದರೆ ಹಳೆ ಪ್ಲೇಯರ್‌ಗೆ ಡಿಸ್ಕ್ ಖಾಲಿ ಇದ್ದ ಹಾಗೆ. ಇನ್ನೊಂದು ವಿಷಯ, ಮೊಬೈಲ್‌ನ ಎಂಪಿ4 ಫೈಲನ್ನ ಹಾಗೇ ಬರೆದರೆ ಅದು ಡೇಟಾ ಡಿಸ್ಕ್. ಹಳೆ ಡಿವಿಡಿ ಪ್ಲೇಯರ್ ಹುಡುಕೋದು ಎಂಪೆಗ್-2 ವಿಡಿಯೋ ಇರುವ, ವಿಡಿಯೋ ಡಿವಿಡಿ ಕ್ರಮದ ಫೋಲ್ಡರನ್ನ. ಅದಕ್ಕೆ ಬೇರೆ ಸಾಫ್ಟ್‌ವೇರ್‌ನಲ್ಲಿ ಮೊದಲು ವಿಡಿಯೋ ಡಿವಿಡಿ ತಯಾರು ಮಾಡಬೇಕು.

ಕನ್ನಡ ಕ್ಲಬ್‌ನವರಿಗೆ ಒಂದು ವಿಶೇಷ ತೊಂದರೆ. ಡಿಸ್ಕ್‌ನ ಜೋಲಿಯೆಟ್ ಪದ್ಧತಿಯಲ್ಲಿ ಫೈಲ್ ಹೆಸರು 64 ಯುನಿಕೋಡ್ ಚಿಹ್ನೆ ದಾಟಬಾರದು. "ಕುರುಗೋಡು" ನಮ್ಮ ಕಣ್ಣಿಗೆ 4 ಅಕ್ಷರ, ಕಂಪ್ಯೂಟರ್‌ಗೆ 8. "ಸಿರುಗುಪ್ಪ"ವೂ ನಮಗೆ 4, ಅದಕ್ಕೆ 9. ಒತ್ತಕ್ಷರ, ಗುಣಿತ ಎಲ್ಲಾ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತೆ. ಹೆಸರು ಚಿಕ್ಕದಾಗಿಡಿ, ಇಲ್ಲಾ ಯುಡಿಎಫ್ ಆರಿಸಿ.

ಒಂದು ಒಗಟು

ಸಿರುಗುಪ್ಪದ ಮದುವೆ ವಿಸಿಡಿಯಲ್ಲಿದ್ದ ಡಿಎಟಿ ಫೈಲ್ ಹಾರ್ಡ್‌ಡಿಸ್ಕ್‌ಗೆ ಬಂದಾಗ 750 ಎಂಬಿ ತೋರಿಸಿತು. ಅದನ್ನ 700 ಎಂಬಿ ಸಿಡಿಗೆ ಬರೆಯೋಕೆ ಹೋದರೆ ಜಾಗ ಇಲ್ಲ ಅಂತು. ಆದರೆ ಅದು ಬಂದಿದ್ದೇ ಅಂಥದ್ದೇ ಒಂದು ಸಿಡಿಯಿಂದ! ಹೇಗೆ?

80 ನಿಮಿಷದ ಸಿಡಿಯಲ್ಲಿ 3,60,000 ಸೆಕ್ಟರ್ ಇವೆ. ಡೇಟಾ ಡಿಸ್ಕ್ ಆದರೆ ಒಂದು ಸೆಕ್ಟರ್‌ಗೆ 2048 ಬೈಟ್, ಉಳಿದ ಜಾಗದ ಬಹುಪಾಲು ತಪ್ಪು ತಿದ್ದೋ ಕೋಡ್‌ಗೆ. ವಿಸಿಡಿಯ ವಿಡಿಯೋ ಸೆಕ್ಟರ್‌ನಲ್ಲಿ ಆ ಹೆಚ್ಚುವರಿ ಕೋಡ್ ಬಿಟ್ಟು 2324 ಬೈಟ್ ತುಂಬ್ತಾರೆ. ಎರಡನ್ನೂ ಗುಣಿಸಿ ನೋಡಿ, ಒಂದು ಸುಮಾರು 700 ಎಂಬಿ, ಇನ್ನೊಂದು ಹೆಚ್ಚೂ ಕಡಿಮೆ 800. ಒಂದು ಬೈಟ್ ತಪ್ಪಾದರೆ ಪ್ರೋಗ್ರಾಂ ಕೆಡುತ್ತೆ, ವಿಡಿಯೋದಲ್ಲಿ ಒಂದು ಚೌಕ ಮಸುಕಾಗುತ್ತೆ ಅಷ್ಟೇ, ಅನ್ನೋ ಲೆಕ್ಕ ಅದು. ಹಾಗಾಗಿ ವಿಸಿಡಿಯನ್ನ ಫೈಲ್ ಎಳೆದು ಕಾಪಿ ಮಾಡಬಾರದು. ಇಮ್ಗ್‌ಬರ್ನ್ ತರಹದ ಸಾಫ್ಟ್‌ವೇರ್‌ನಲ್ಲಿ ಬಿನ್-ಕ್ಯೂ ಇಮೇಜ್ ಮಾಡಿ, ಆ ಇಮೇಜನ್ನೇ ಬರೆಯಬೇಕು.

ದೊಡ್ಡಾಟದ ಡಿಸ್ಕ್ ಏನಾಯ್ತು?

ಡಿಸ್ಕ್‌ನಿಂದ ಡಿಸ್ಕ್‌ಗೆ ಕಾಪಿ ಮಾಡಿದಾಗಲೆಲ್ಲ ಒಂದೇ ಜಾಗದಲ್ಲಿ ನಿಲ್ತಾ ಇತ್ತು. ನೋಡಿದರೆ ಎರಡನೇ ಕೇಸ್, ನಡುವೆ ನಿಂತಿದ್ದು. ಹೊಸ ಡಿಸ್ಕ್ ಬದಲಾಯಿಸಿದರೂ ಅದೇ ಜಾಗ, ವೇಗ ಇಳಿಸಿದರೂ ಅದೇ ಜಾಗ. ಅಲ್ಲಿಗೆ ಸುಳಿವು ಸಿಕ್ಕಿತು: ಕರೆಂಟು, ಬಫರ್ ಕಾರಣ ಆಗಿದ್ದರೆ ಒಂದೊಂದು ಸಲ ಒಂದೊಂದು ಕಡೆ ನಿಲ್ಲಬೇಕು. ಪ್ರತಿ ಸಲವೂ ಅಲ್ಲೇ ನಿಂತರೆ ತಪ್ಪು ಮೂಲದಲ್ಲಿದೆ. ಬರೆಯೋದು ಬಿಟ್ಟು ಬರೀ ಇಮೇಜ್ ತೆಗೆದು ನೋಡಿದ್ವಿ, ಅದೂ ಅಲ್ಲೇ ನಿಂತಿತು. ಖಾತ್ರಿಯಾಯ್ತು. ಕೆಟ್ಟಿದ್ದು ಬರ್ನ್ ಅಲ್ಲ, ಓದು.

ಸಿಡಿಯ ಹೊಳೆಯುವ ಪದರ ಇರೋದು ಲೇಬಲ್ ಕಡೆ, ಅರಗಿನ ತೆಳು ಲೇಪನದ ಕೆಳಗೇ. ಕೆಳಗಿನ ಗೀರಿಗಿಂತ ಮೇಲಿನ ಗೀರು ಅಪಾಯ. ಬಾಲ್‌ಪೆನ್‌ನಿಂದ ಹೆಸರು ಬರೆದ ಜಾಗ, ಸ್ಟಿಕ್ಕರ್ ಕಿತ್ತ ಜಾಗ, ಎರಡೂ ಡೇಟಾ ಹೋಗೋ ಜಾಗ. ಈ ಡಿಸ್ಕ್‌ನಲ್ಲಿ ಸ್ಟಿಕ್ಕರ್ ಅರ್ಧ ಎದ್ದಿತ್ತು, ಅದನ್ನ ಯಾರೂ ಕೀಳದ ಹಾಗೆ ನೋಡಿಕೊಂಡ್ವಿ. ಕೆಳಗಿನ ಕಡೆಯನ್ನ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ನೇರವಾಗಿ ಒರೆಸಿದ್ವಿ. ಸುತ್ತು ಹಾಕಿ ಒರೆಸಬಾರದು. ಸಿಡಿಯ ತಪ್ಪು ತಿದ್ದುವ ಮೂಲ ವ್ಯವಸ್ಥೆ ಟ್ರ್ಯಾಕ್ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಹಾಳಾದರೆ ಸರಿಮಾಡಿಕೊಳ್ಳುತ್ತೆ. ಅಡ್ಡ ಗೀರು ಪ್ರತಿ ಸುತ್ತಿನಲ್ಲೂ ಚೂರೇ ಚೂರು ಮುಟ್ಟುತ್ತೆ, ಸುತ್ತು ಗೀರು ಒಂದೇ ಟ್ರ್ಯಾಕನ್ನ ಉದ್ದಕ್ಕೂ ತಿನ್ನುತ್ತೆ.

ಆಮೇಲೆ ಡ್ರೈವ್ ಬದಲಾಯಿಸಿದ್ವಿ. ಒಂದು ಡ್ರೈವ್ ಓದದ್ದನ್ನ ಇನ್ನೊಂದು ಓದೋದು ತುಂಬಾ ಮಾಮೂಲು. ಮೂರನೇ ಡ್ರೈವ್‌ನಲ್ಲಿ, ಕಡಿಮೆ ವೇಗದಲ್ಲಿ, ಓದಲಾಗದ ಸೆಕ್ಟರ್ ಬಿಟ್ಟು ಮುಂದೆ ಹೋಗು ಅನ್ನೋ ಆಯ್ಕೆ ಹಾಕಿದಾಗ ಇಮೇಜ್ ಪೂರ್ತಿಯಾಯ್ತು. ಎರಡು ಕಡೆ ಚಿತ್ರ ಚೌಕ ಚೌಕ ಆಗಿ ಒಡೆಯುತ್ತೆ, ಒಂದು ಕಡೆ ಮದ್ದಳೆ ಪೆಟ್ಟು ನಡುವೆ ದನಿ ಕಟ್ ಆಗುತ್ತೆ. ಭೀಮನ ಮಾತೆಲ್ಲಾ ಕೇಳಿಸುತ್ತೆ. ಆ ಇಮೇಜನ್ನ 16 ಎಕ್ಸ್‌ನಲ್ಲಿ, ಐದೇ ನಿಮಿಷದಲ್ಲಿ, ಮೊದಲ ಸಲಕ್ಕೇ ಬರೆದ್ವಿ. ನಿಮ್ಮದು ಡೇಟಾ ಡಿಸ್ಕ್ ಆಗಿದ್ದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಬಳಸಿ. ಅದು ಸುಲಭವಾಗಿ ಓದುವ ಜಾಗ ಮೊದಲು ಮುಗಿಸಿ, ಕಷ್ಟದ ಜಾಗಕ್ಕೆ ಆಮೇಲೆ ವಾಪಸ್ ಬರುತ್ತೆ.

ನೆನಪಿಡಬೇಕಾದ್ದು

ಒಂದು ಸಲಕ್ಕೆ ಒಂದೇ ಬದಲಾವಣೆ. ಡಿಸ್ಕ್, ವೇಗ, ಕೇಬಲ್ ಮೂರನ್ನೂ ಒಟ್ಟಿಗೆ ಬದಲಾಯಿಸಿ ಸರಿಹೋದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ನಮ್ಮ ಲ್ಯಾಬ್‌ನಲ್ಲಿ ಹೇಳಿಕೊಡೋದೂ ಇದನ್ನೇ. ನಿಂತ ಪರ್ಸೆಂಟ್ ಮತ್ತು ಎರರ್ ಮೆಸೇಜ್ ಎರಡನ್ನೂ ಬರೆದಿಟ್ಟುಕೊಳ್ಳಿ. "ಸಕ್ಸಸ್" ಅಂದ ಮಾತ್ರಕ್ಕೆ ನಂಬದೆ ವೆರಿಫೈ ಆನ್ ಮಾಡಿ. ಮುಖ್ಯವಾಗಿ, ಹಳೆ ಡಿಸ್ಕ್‌ನ ವಿಷಯದಲ್ಲಿ ಮೊದಲು ಇಮೇಜ್, ಆಮೇಲೆ ಬರ್ನ್. ಹೊಸ ಖಾಲಿ ಡಿಸ್ಕ್ ಹಾಳಾದರೆ ಕೆಲವು ರೂಪಾಯಿ ಹೋಗುತ್ತೆ. ಹಳೆಯದು ಹಾಳಾದರೆ ಅದರೊಳಗಿನ ದನಿ ಹೋಗುತ್ತೆ, ಅದು ಯಾವ ಅಂಗಡಿಯಲ್ಲೂ ಸಿಗಲ್ಲ.

ಮುಂದಿನ ರಜೆಗೆ ಮನೆಗೆ ಹೋದಾಗ ಇಷ್ಟು ಹೋಂವರ್ಕ್: ಷೋಕೇಸ್‌ನಲ್ಲಿರೋ ಡಿಸ್ಕ್‌ಗಳನ್ನ ಎಣಿಸಿ. ಯಾವುದಕ್ಕೆ ಇನ್ನೊಂದು ಕಾಪಿ ಇಲ್ಲವೋ ಅದನ್ನ ಮೊದಲು ತೆಗೀರಿ. ಲೇಬಲ್ ಮೇಲೆ ಏನೂ ಬರೀಬೇಡಿ, ಹೆಸರು ಕವರ್ ಮೇಲೆ ಬರೀರಿ. ಇಮೇಜ್ ಮಾಡಿ ಎರಡು ಕಡೆ ಇಡಿ. ಎಲ್ಲಾದರೂ ನಿಂತರೆ, ನಿಂತಿದ್ದು ಯಾವ ಹೊತ್ತಿಗೆ ಅಂತ ಗುರುತು ಹಾಕಿಕೊಂಡು ಕ್ಲಬ್ ರೂಮಿಗೆ ತನ್ನಿ, ಒಟ್ಟಿಗೆ ಕೂತು ನೋಡೋಣ.