ಗಡಿಗಳನ್ನು ಮೀರಿದ ಗೋಷ್ಠಿ

ಬೆಂಕಿ ಮಾನವನ ಬಹು ಹಳೆಯ ಸಂಗಾತಿ. ಒಲೆಯಲ್ಲಿದ್ದಾಗ ಅದು ಅನ್ನವನ್ನು ಬೇಯಿಸುತ್ತದೆ. ಹಣತೆಯಲ್ಲಿದ್ದಾಗ ಬೆಳಕನ್ನು ನೀಡುತ್ತದೆ. ಆದರೆ ಅದೇ ಬೆಂಕಿ ಹಿಡಿತ ತಪ್ಪಿದರೆ ಕ್ಷಣಮಾತ್ರದಲ್ಲಿ ನೂರಾರು ಸಂಸಾರಗಳನ್ನು ಅನಾಥಗೊಳಿಸಬಲ್ಲುದು. 1906ನೆಯ ಇಸವಿ ಮಾರ್ಚ್ 10ರಂದು ಉತ್ತರ ಫ್ರಾನ್ಸಿನ ಕೂರಿಯೇರ್ ಕಲ್ಲಿದ್ದಲ ಗಣಿಯಲ್ಲಿ ಹೀಗೆಯೇ ಆಯಿತು. ಸುರಂಗಗಳಲ್ಲಿದ್ದ ಕಲ್ಲಿದ್ದಲ ದೂಳು ಸ್ಫೋಟಗೊಂಡು 1,099 ಮಂದಿ ಅಸುನೀಗಿದರು. ಆ ಕಾಲದಲ್ಲಿ ಫ್ರಾನ್ಸಿಗೂ ಜರ್ಮನಿಗೂ ವೈಮನಸ್ಯವಿತ್ತು. ಆದರೂ ಜರ್ಮನಿಯ ಗಣಿಗಾರರ ತಂಡವೊಂದು ಉಸಿರಾಟದ ಉಪಕರಣಗಳೊಡನೆ ಗಡಿಯನ್ನು ದಾಟಿ ಬಂದು ರಕ್ಷಣಾಕಾರ್ಯದಲ್ಲಿ ನೆರವಾಯಿತು. ಸ್ಫೋಟಕ್ಕೆ ದೇಶಭೇದವಿಲ್ಲ. ಅದನ್ನು ತಡೆಯುವ ಜ್ಞಾನಕ್ಕೂ ದೇಶಭೇದವಿರಬಾರದೆಂಬ ಮಾತು ಕಾರ್ಯರೂಪಕ್ಕೆ ಬರಲು ಮಾತ್ರ ಬಹುಕಾಲ ಹಿಡಿಯಿತು.

ಗಣಿಗಳಲ್ಲಿ ಹೊಮ್ಮುವ ಮೀಥೇನ್ ಅನಿಲವು ಗಾಳಿಯೊಡನೆ ಬೆರೆತು ಶಾಂತವಾಗಿ ಉರಿಯುವಾಗ, ಜ್ವಾಲೆಯು ಸೆಕೆಂಡಿಗೆ ಸುಮಾರು 40 ಸೆಂಟಿಮೀಟರುಗಳಷ್ಟು ಮಾತ್ರ ಅನಿಲದೊಳಕ್ಕೆ ಮುನ್ನುಗ್ಗುತ್ತದೆ. ಆದರೆ 1881ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಬೇರೊಂದು ಬಗೆಯ ದಹನವನ್ನು ಕಂಡರು. ಉದ್ದವಾದ ಕೊಳವೆಗಳಲ್ಲಿ ಅನಿಲಗಳನ್ನು ತುಂಬಿ ಹೊತ್ತಿಸಿದಾಗ, ಜ್ವಾಲೆಯು ಶಬ್ದದ ವೇಗವನ್ನೂ ಮೀರಿ ಧಾವಿಸಿತು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗಿದರೆ, ಜಲಜನಕ ಮತ್ತು ಆಮ್ಲಜನಕಗಳ ತಕ್ಕ ಮಿಶ್ರಣದಲ್ಲಿ ಈ ಜ್ವಾಲೆಯ ವೇಗ ಸುಮಾರು 2,800 ಮೀಟರು! ಇದಕ್ಕೆ ಆಸ್ಫೋಟನೆ ಎಂದು ಹೆಸರು.

ಇಂತಹ ವೇಗಕ್ಕೆ ಕಾರಣವೇನು? ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೂವರು ಈ ಪ್ರಶ್ನೆಯನ್ನು ಬಿಡಿಸಿದರು: 1940ರಲ್ಲಿ ರಷ್ಯದ ಯಾಕೊವ್ ಜೆಲ್ದೋವಿಚ್, 1942ರಲ್ಲಿ ಅಮೆರಿಕದಲ್ಲಿದ್ದ ಜಾನ್ ವಾನ್ ನಾಯ್ಮನ್, 1943ರಲ್ಲಿ ಜರ್ಮನಿಯ ವರ್ನರ್ ಡೋರಿಂಗ್. ಮುಂದೆ ಸಾಗುವ ಆಘಾತ ತರಂಗವು ಅನಿಲವನ್ನು ಅದುಮಿ ಕಾಯಿಸುತ್ತದೆ. ಅದರ ಬೆನ್ನಿಗೇ ಅನಿಲವು ಉರಿದು ತರಂಗವನ್ನು ಮತ್ತೆ ಮುಂದಕ್ಕೆ ನೂಕುತ್ತದೆ. ಇದೇ ಮೂವರೂ ಕಂಡ ಸತ್ಯ. ಆದರೆ ಯುದ್ಧದ ಗೋಡೆಗಳ ನಡುವೆ ಒಬ್ಬನ ಶ್ರಮ ಇನ್ನೊಬ್ಬನಿಗೆ ತಿಳಿಯಲಿಲ್ಲ. ಒಬ್ಬನು ನಡೆದ ದಾರಿಯನ್ನೇ ಮತ್ತಿಬ್ಬರು ಮೊದಲಿನಿಂದ ಸವೆಸಬೇಕಾಯಿತು. ಇಂದು ಆ ಸಿದ್ಧಾಂತವು ಮೂವರ ಹೆಸರುಗಳನ್ನೂ ಕೂಡಿಯೇ ಹೊತ್ತಿದೆ.

ಯುದ್ಧ ಮುಗಿದರೂ ಗೋಡೆಗಳು ಬೀಳಲಿಲ್ಲ. ಜಗತ್ತು ಎರಡು ಬಣಗಳಾಗಿ ಒಡೆಯಿತು. ಸ್ಫೋಟದ ವಿದ್ಯೆ ಇಬ್ಬಾಯಿಯ ಖಡ್ಗದಂತಹುದು. ಗಣಿಯನ್ನು ಕಾಯುವ ಜ್ಞಾನವೇ ಮದ್ದುಗುಂಡಿನ ತಯಾರಿಕೆಗೂ ಒದಗುತ್ತದೆ. ಆದುದರಿಂದ ಪರಸ್ಪರ ಶಂಕೆ ಸಹಜವಾಗಿತ್ತು. ಇಂತಹ ಸಮಯದಲ್ಲಿ ಮೂವರು ವಿಜ್ಞಾನಿಗಳು ಒಂದು ಸಾಹಸಕ್ಕೆ ಕೈಹಾಕಿದರು. ಅವರಲ್ಲಿ ಆಂಟೊನಿ ಒಪೆನ್‌ಹೈಮ್ ವಾರ್ಸಾದಲ್ಲಿ ಹುಟ್ಟಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಸಾಮಾನ್ಯ ಜ್ವಾಲೆ ಆಸ್ಫೋಟನೆಯಾಗಿ ಮಾರ್ಪಡುವುದನ್ನು ಛಾಯಾಚಿತ್ರಗಳಲ್ಲಿ ಸೆರೆಹಿಡಿದವರು. ನ್ಯೂಮಾ ಮ್ಯಾನ್ಸನ್ ಫ್ರಾನ್ಸಿನವರು. ಕೊಳವೆಯಲ್ಲಿ ತಿರುಪಿನಂತೆ ಸುತ್ತುತ್ತ ಸಾಗುವ ಆಸ್ಫೋಟನೆಯ ಮರ್ಮವನ್ನು ವಿವರಿಸಿದವರು. ರೆಮ್ ಸೊಲೌಖಿನ್ ಸೈಬೀರಿಯದ ನೊವೊಸಿಬಿರ್ಸ್ಕ್ ನಗರದಲ್ಲಿ ಆಘಾತ ತರಂಗಗಳ ಅಧ್ಯಯನದಲ್ಲಿ ನಿರತರಾಗಿದ್ದವರು. ಈ ಮೂವರ ಪ್ರಯತ್ನದಿಂದ 1967ರಲ್ಲಿ ಬೆಲ್ಜಿಯಮ್ಮಿನ ಬ್ರಸೆಲ್ಸ್ ನಗರದಲ್ಲಿ ಸ್ಫೋಟವಿಜ್ಞಾನದ ಮೊದಲನೆಯ ಅಂತರರಾಷ್ಟ್ರೀಯ ಗೋಷ್ಠಿ ಸೇರಿತು.

ವಿಜ್ಞಾನಗೋಷ್ಠಿಯನ್ನು ಏರ್ಪಡಿಸುವುದು ಸುಲಭದ ಕೆಲಸವಲ್ಲ. ಸ್ಥಳ ಮತ್ತು ದಿನಗಳನ್ನು ಬಹಳ ಮೊದಲೇ ಗೊತ್ತುಮಾಡಬೇಕು. ನಾನಾ ದೇಶಗಳಿಂದ ಪ್ರಬಂಧಗಳ ಸಾರಾಂಶಗಳನ್ನು ತರಿಸಿ, ಬರೆದವರು ಯಾರೆಂಬುದನ್ನು ನೋಡದೆ, ಬರೆದುದು ಸತ್ಯವೇ ಎಂಬುದನ್ನು ತಜ್ಞರಿಂದ ಪರೀಕ್ಷಿಸಬೇಕು. ಪ್ರವೇಶಪತ್ರ, ವಸತಿ, ಭಾಷೆ ಮೊದಲಾದ ತೊಡಕುಗಳನ್ನು ಬಗೆಹರಿಸಬೇಕು. ಪ್ರಬಂಧ ಮಂಡನೆಯಷ್ಟೇ ಕಾಲವನ್ನು ಪ್ರಶ್ನೋತ್ತರಕ್ಕೂ ವಾದಕ್ಕೂ ಮೀಸಲಿಡುವುದು ಒಳ್ಳೆಯ ಗೋಷ್ಠಿಯ ಲಕ್ಷಣ. ಎಷ್ಟೋ ವೇಳೆ ವಿರಾಮದಲ್ಲಿ ಕಾಫಿ ಕುಡಿಯುತ್ತ ಆಡಿದ ಮಾತೇ ಹೊಸ ಸಂಶೋಧನೆಗೆ ಬೀಜವಾಗುತ್ತದೆ.

1968ರ ಆಗಸ್ಟಿನಲ್ಲಿ ಸೋವಿಯತ್ ಸೇನೆ ಚೆಕೊಸ್ಲೊವಾಕಿಯವನ್ನು ಪ್ರವೇಶಿಸಿತು. ಎರಡು ಬಣಗಳ ನಡುವಣ ಅವಿಶ್ವಾಸ ಇಮ್ಮಡಿಯಾಯಿತು. ಆದರೂ ಮರುವರ್ಷ, 1969ರಲ್ಲಿ, ಎರಡನೆಯ ಗೋಷ್ಠಿ ನೊವೊಸಿಬಿರ್ಸ್ಕಿನಲ್ಲಿಯೇ ನಡೆಯಿತು! 1971ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್, 1973ರಲ್ಲಿ ಅಮೆರಿಕದ ಲಾ ಹೋಯ, 1981ರಲ್ಲಿ ಸೋವಿಯತ್ ಒಕ್ಕೂಟದ ಮಿನ್ಸ್ಕ್, ಹೀಗೆ ಗೋಷ್ಠಿ ಬಣದಿಂದ ಬಣಕ್ಕೆ ಸಂಚರಿಸಿತು. 1987ರಲ್ಲಿ ಒಪೆನ್‌ಹೈಮರ ಹುಟ್ಟೂರಾದ ವಾರ್ಸಾ ಅದಕ್ಕೆ ನೆಲೆಯಾಯಿತು.

ಈ ಗೋಷ್ಠಿಗಳಲ್ಲಿ ಚರ್ಚೆಗೆ ಬಂದ ವಿಷಯಗಳಲ್ಲೊಂದು ಬಹಳ ಸ್ವಾರಸ್ಯವಾದುದು. ಲೋಹದ ತಗಡಿಗೆ ದೀಪದ ಕಾಡಿಗೆಯನ್ನು ಬಳಿದು ಕೊಳವೆಯಲ್ಲಿಟ್ಟರೆ, ಹಾದುಹೋದ ಆಸ್ಫೋಟನೆಯು ಅದರ ಮೇಲೆ ಮೀನಿನ ಪೊರೆಯಂತಹ ಚಿತ್ತಾರವನ್ನು ಬರೆಯುತ್ತದೆ. ನೇರವಾದ ಗೋಡೆಯಂತಿರಬೇಕೆಂದು ಭಾವಿಸಿದ್ದ ತರಂಗದ ಮುಖ ವಾಸ್ತವವಾಗಿ ನೂರಾರು ಕೋಶಗಳ ಬಲೆಯೆಂಬುದು ಇದರಿಂದ ತಿಳಿಯಿತು. ಕೋಶಗಳು ಚಿಕ್ಕವಾದಷ್ಟೂ ಆ ಅನಿಲದಲ್ಲಿ ಆಸ್ಫೋಟನೆ ಸುಲಭವಾಗಿ ಹುಟ್ಟುತ್ತದೆ. ಕೋಶದ ಅಳತೆಗಿಂತ ಬಹಳ ಕಿರಿದಾದ ಕೊಳವೆಯಲ್ಲಿ ಅದು ಸಾಗಲಾರದು. ಯಾವ ಅನಿಲ ಎಷ್ಟು ಅಪಾಯಕರವೆಂದು ತೂಗಿನೋಡಲು ಈ ಅಳತೆಯೂ ಒಂದು ಆಧಾರ. ಒಂದು ದೇಶದಲ್ಲಿ ಅಳೆದುದನ್ನು ಇನ್ನೊಂದು ದೇಶ ಪರೀಕ್ಷಿಸಿ ಒಪ್ಪಿದಾಗಲೇ ಅಂತಹ ಆಧಾರ ಭದ್ರವಾಗುತ್ತದೆ.

ಸೊಲೌಖಿನ್ 1988ರಲ್ಲಿ, ಒಪೆನ್‌ಹೈಮ್ 2008ರಲ್ಲಿ ತೀರಿಕೊಂಡರು. ಆ ಮೂವರ ಹೆಸರಿನಲ್ಲಿಯೂ ಗೋಷ್ಠಿಯು ಪ್ರಶಸ್ತಿಗಳನ್ನು ನೀಡುತ್ತ ಬಂದಿದೆ. ಅವರು ತಮ್ಮ ದೇಶಗಳ ನಡುವಣ ಹಗೆಯನ್ನು ಅಳಿಸಲಾರದೆ ಹೋದರು. ಆದರೆ ಆ ಹಗೆಯ ನಡುವೆ ಒಂದು ಬಾಗಿಲನ್ನು ತೆರೆದಿಟ್ಟರು. ಕೂರಿಯೇರಿನ ಸುರಂಗಕ್ಕೆ ಇಳಿದ ಜರ್ಮನಿಯ ಗಣಿಗಾರರು ತೋರಿದ ದಾರಿಯೂ ಅದೇ ಆಗಿತ್ತು.