ಬಾಗಿಲ ಹಿಂದೆ ಒಂದು ಚೀಲ ಇರಲಿ

ಮೈಸೂರು

ಚಿ. ಮೇಘನಾಳಿಗೆ,



ಟೋಕಿಯೋದ ನಿಶಿ-ಕಸಾಯಿಯಲ್ಲಿ ನಿನಗೆ ಮನೆ ಸಿಕ್ಕಿತೆಂದು ನಿಮ್ಮಪ್ಪ ಹೇಳಿದ. ತುಂಬ ಸಂತೋಷವಾಯಿತು. ಅಲ್ಲಿ ನಮ್ಮ ದೇಶದವರು ಬೇಕಾದಷ್ಟಿದ್ದಾರೆ, ತೊಗರಿಬೇಳೆಗೆ ಪರದಾಡಬೇಕಿಲ್ಲ. ಆದರೆ ಕಿಟಕಿಗೆ ಪರದೆ ಕೊಳ್ಳುವ ಮೊದಲು ಒಂದು ಕೆಲಸ ಮಾಡು. ವಿಳಾಸ ನೋಂದಾಯಿಸಲು ಎದೊಗಾವಾ ವಾರ್ಡಿನ ಕಚೇರಿಗೆ ಹೋಗುತ್ತೀಯಲ್ಲ, ಅಲ್ಲಿ ಅಪಾಯದ ನಕ್ಷೆ ಕೇಳಿ ತಗೋ. 2019ರಲ್ಲಿ ಆ ವಾರ್ಡು ಮನೆಮನೆಗೆ ಹಂಚಿದ ಪ್ರವಾಹ ನಕ್ಷೆಯ ಮುಖಪುಟದಲ್ಲೇ 'ಇಲ್ಲಿ ಇರಬೇಡಿ' ಎಂದು ಅಚ್ಚಾಗಿತ್ತು. ಅರಾಕಾವಾ, ಎದೊಗಾವಾ ನದಿಗಳು ಕಡಲು ಸೇರುವ ತಗ್ಗು ಜಾಗ ಅದು. ವಾರ್ಡಿನ ಸುಮಾರು ಶೇ. 70 ಭಾಗ ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ತನ್ನ ಜನರಿಗೆ ಇಷ್ಟು ನೇರವಾಗಿ ಹೇಳಿದ ಆಡಳಿತದ ಮೇಲೆ ನನಗೆ ಗೌರವವಿದೆ. ದೊಡ್ಡ ಚಂಡಮಾರುತದ ಮುನ್ಸೂಚನೆ ಬಂದರೆ ಹಿಂದಿನ ದಿನವೇ ಎತ್ತರದ ಊರಿನಲ್ಲಿರುವ ಗೆಳತಿಯ ಮನೆಗೆ ಹೊರಟುಬಿಡು. ಯಾರ ಮನೆ ಎಂಬುದನ್ನು ಈಗಲೇ ಮಾತಾಡಿಕೊಂಡಿರು.

ಭೂಕಂಪ ಹಾಗೆ ಹೇಳಿ ಬರುವುದಿಲ್ಲ. 2011ರ ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ನಾನು ಟೋಕಿಯೋದ ಶಿಂಜುಕುವಿನ ಆಫೀಸಿನಲ್ಲಿದ್ದೆ. ಕಂಪನದ ಪ್ರಮಾಣ 9.0. ನಡುಕ ನಿಂತ ಮೇಲೆ ರೈಲುಗಳೂ ನಿಂತವು. ರಸ್ತೆಯ ತುಂಬ ಸೂಟು ತೊಟ್ಟ ಜನ ಮನೆಯ ದಿಕ್ಕಿಗೆ ನಡೆಯುತ್ತಿದ್ದರು. ಮೊಬೈಲು ಹತ್ತಲಿಲ್ಲ. ಸಾರ್ವಜನಿಕ ಫೋನಿನ ಮುಂದೆ ಉದ್ದದ ಸಾಲು, ಆದರೆ ಒಬ್ಬರೂ ನೂಕಲಿಲ್ಲ. ಸಂಜೆಯ ಹೊತ್ತಿಗೆ ಅಂಗಡಿಯಲ್ಲಿ ಬ್ರೆಡ್ಡು, ನೀರು, ಬ್ಯಾಟರಿ ಯಾವುದೂ ಇರಲಿಲ್ಲ. ಇತ್ತ ನಿಮ್ಮ ದೊಡ್ಡಮ್ಮ ಟಿವಿಯಲ್ಲಿ ಸುನಾಮಿ ನೋಡುತ್ತ ಕೂತಿದ್ದಳು. ಆ ನೀರು ನುಗ್ಗಿದ ಸೆಂಡೈ ಕಡೆಗೂ ಟೋಕಿಯೋಗೂ 300 ಕಿಲೋಮೀಟರಿಗಿಂತ ಹೆಚ್ಚು ದೂರವೆಂದು ಅವಳಿಗೆ ಹೇಳುವವರು ಯಾರು?

ಅದಕ್ಕೇ ಹೇಳುತ್ತೇನೆ, ಮಗು: ತಯಾರಿ ಅಲ್ಲಿರುವ ನಿನಗೆಷ್ಟು ಬೇಕೋ ಇಲ್ಲಿರುವ ನಮಗೂ ಅಷ್ಟೇ ಬೇಕು. ಜಪಾನಿನ ಭೂಪಟದಲ್ಲಿ ನಿನ್ನ ಮನೆ, ನಿನ್ನ ಆಫೀಸು ಎಲ್ಲಿವೆ ಎಂದು ನಿಮ್ಮಮ್ಮನಿಗೆ ತೋರಿಸು. ಏನಾದರೂ ಆದರೆ ಒಬ್ಬರಿಗೆ ಮಾತ್ರ ಸಂದೇಶ ಕಳಿಸು, ಅವರು ಉಳಿದವರಿಗೆಲ್ಲ ತಿಳಿಸಲಿ. ಇಲ್ಲವಾದರೆ ಅತ್ತೆ, ಮಾವ, ಚಿಕ್ಕಮ್ಮ ಎಲ್ಲರೂ ಕರೆ ಮಾಡಿ ನಿನ್ನ ಫೋನಿನ ಚಾರ್ಜು ಮುಗಿಸಿಬಿಡುತ್ತಾರೆ. ಆ ಒಬ್ಬರು ನಿಮ್ಮಪ್ಪನೇ ಆಗಲಿ, ಅವನು ಬೇಗ ಗಾಬರಿಯಾಗುವವನಲ್ಲ.

ಅಲ್ಲಿ 171 ಎಂಬ ಸಂಖ್ಯೆಯಿದೆ. ವಿಪತ್ತಿನ ಹೊತ್ತಿನಲ್ಲಿ ಅದಕ್ಕೆ ಕರೆ ಮಾಡಿ 30 ಸೆಕೆಂಡು ಮಾತು ದಾಖಲಿಸಿದರೆ, ನಿನ್ನ ನಂಬರು ಗೊತ್ತಿರುವ ಅಲ್ಲಿನ ಗೆಳೆಯರು ಕೇಳಿಸಿಕೊಳ್ಳಬಹುದು. ಪ್ರತಿ ತಿಂಗಳ 1 ಮತ್ತು 15ರಂದು ಅಭ್ಯಾಸಕ್ಕೆಂದು ಅದು ತೆರೆದಿರುತ್ತದೆ, ಒಮ್ಮೆ ಮಾಡಿ ನೋಡು. ಬೆಂಕಿಗೂ ಆಂಬುಲೆನ್ಸಿಗೂ 119, ಪೊಲೀಸರಿಗೆ 110. 119ರಲ್ಲಿ ಮೊದಲು ಕೇಳುವುದೇ 'ಕಾಜಿ'ಯೋ 'ಕ್ಯೂಕ್ಯೂ'ವೋ ಎಂದು. ಮೊದಲನೆಯದು ಬೆಂಕಿ, ಎರಡನೆಯದು ಆಂಬುಲೆನ್ಸ್. ನಿನ್ನ ವಿಳಾಸವನ್ನು ಜಪಾನಿ ಭಾಷೆಯಲ್ಲಿ ತಡವರಿಸದೆ ಹೇಳಲು ಕಲಿ.

ಇನ್ನು ಬಾಗಿಲ ಹಿಂದೆ ಸಿದ್ಧವಾಗಿಡಬೇಕಾದ ಚೀಲದ ಮಾತು. ಟಾರ್ಚು, ಪವರ್ ಬ್ಯಾಂಕು, ಔಷಧಿ, ಪಾಸ್‌ಪೋರ್ಟಿನ ನಕಲು, ಒಂದಿಷ್ಟು ನಗದು ಅದರಲ್ಲಿರಲಿ. ಕರೆಂಟು ಹೋದರೆ ಕಾರ್ಡು ನಡೆಯುವುದಿಲ್ಲ, ಸಾರ್ವಜನಿಕ ಫೋನಿಗೆ 10 ಮತ್ತು 100 ಯೆನ್ ನಾಣ್ಯ ಬೇಕು. ದಿನಕ್ಕೆ 3 ಲೀಟರಿನಂತೆ ಕನಿಷ್ಠ 3 ದಿನದ ಕುಡಿಯುವ ನೀರು ಮನೆಯಲ್ಲಿಡು. ಊಟದ ಬಗ್ಗೆ ನೀನು ವಿಶೇಷವಾಗಿ ಯೋಚಿಸಬೇಕು. ಆಶ್ರಯ ಕೇಂದ್ರದಲ್ಲಿ ಕೊಡುವ ಸಾರಿನಲ್ಲಿ ಮೀನಿನ ರಸ ಇರುವುದು ಸಾಮಾನ್ಯ, ನೀನೋ ಮೊಟ್ಟೆಯನ್ನೂ ಮುಟ್ಟದವಳು. ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿ ಕಟ್ಟಿಡು. ಗ್ಯಾಸು ನಿಂತರೂ ತಣ್ಣೀರಿನಲ್ಲಿ ಅವಲಕ್ಕಿ ನೆನೆಯುತ್ತದೆ.

ಹಾಸಿಗೆಯ ಪಕ್ಕ ಚಪ್ಪಲಿ ಇಡುವುದು ನಮ್ಮ ಮನೆಗಳಲ್ಲಿ ಒಗ್ಗದ ಮಾತು. ಆದರೂ ಗಟ್ಟಿ ತಳದ ಒಂದು ಜೊತೆಯನ್ನು ಕವರಿನಲ್ಲಿ ಸುತ್ತಿ ಇಡು. 1995ರ ಜನವರಿ 17ರಂದು ಕೋಬೆ ನಡುಗಿದ್ದು ಬೆಳಗಿನ 5 ಗಂಟೆ 46 ನಿಮಿಷಕ್ಕೆ. ಜನ ಇನ್ನೂ ಹಾಸಿಗೆಯಲ್ಲಿದ್ದರು. ಕಪಾಟುಗಳು ಉರುಳಿ, ನೆಲವೆಲ್ಲ ಗಾಜು. ನಿನ್ನ ಬೀರುವನ್ನೂ ಗೋಡೆಗೆ ಭದ್ರಪಡಿಸು, ಬಾಡಿಗೆ ಮನೆಗೆಂದೇ ಮೊಳೆ ಹೊಡೆಯದೆ ನಿಲ್ಲಿಸುವ ಕಂಬಿಗಳು ಸಿಗುತ್ತವೆ.

ಭೂಕಂಪವಾದರೆ ಆಶ್ರಯಕ್ಕೆ ಯಾವ ಶಾಲೆಗೆ ಹೋಗಬೇಕು, ಪ್ರವಾಹ ಬಂದರೆ ಎಲ್ಲಿಗೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸು. ಎರಡೂ ಒಂದೇ ಜಾಗವಾಗಿರಲೇಬೇಕೆಂದಿಲ್ಲ. ಒಂದು ಭಾನುವಾರ ಮನೆಯಿಂದ ಅಲ್ಲಿಯವರೆಗೆ ನಡೆದು ನೋಡು. ಆ ಎರಡು ಜಾಗದ ಹೆಸರನ್ನು ಕನ್ನಡದಲ್ಲೂ ಜಪಾನಿ ಲಿಪಿಯಲ್ಲೂ ಬರೆದು ಈ ವಾರವೇ ನನಗೆ ಕಳಿಸು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ