ಮಿದುಳಿನ ಹುಳುವೂ ರಕ್ತದ ಸಾಕ್ಷ್ಯವೂ

ಮೂರ್ಛೆ ಬಂದವನ ಕೈಯಲ್ಲಿ ಕೀಲಿಕೈ ಹಿಡಿಸುವುದೂ, ದೆವ್ವದ ಕಾಟವೆಂದು ಬಗೆದು ತಾಯಿತ ಕಟ್ಟಿಸುವುದೂ ನಮ್ಮ ಗಿಣಿಗೇರಾ ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಪೂರ್ತಿಯಾಗಿ ನಿಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬೆಂಗಳೂರಿನ ನಗರ ಮತ್ತು ಗ್ರಾಮ ಭಾಗಗಳ 1,02,557 ಜನರನ್ನು ಕುರಿತು ನಡೆಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಲಕ್ಷಕ್ಕೆ 883 ಮಂದಿಗೆ ಮೂರ್ಛೆರೋಗವಿರುವುದು ಕಂಡುಬಂದಿತು. ಪಟ್ಟಣಕ್ಕಿಂತ ಹಳ್ಳಿಗಳಲ್ಲಿಯೇ ಅದು ಹೆಚ್ಚು. ಈ ರೋಗಕ್ಕೆ ತಲೆಯ ಪೆಟ್ಟು, ಗಡ್ಡೆ, ಜ್ವರ ಮುಂತಾದ ಕಾರಣಗಳು ಹಲವುಂಟು. ಅವುಗಳಲ್ಲಿ ಒಂದು, ಮಿದುಳಿನೊಳಗೆ ಮನೆ ಮಾಡಿದ ಹುಳುವಿನ ಮರಿ. ವೈದ್ಯರು ಇದನ್ನು ನ್ಯೂರೊಸಿಸ್ಟಿಸರ್ಕೋಸಿಸ್ ಎನ್ನುತ್ತಾರೆ. ತಲೆಬುರುಡೆಯೊಳಗೆ ಅಡಗಿದ ಈ ಹುಳುವನ್ನು ತೋಳಿನಿಂದ ತೆಗೆದ ರಕ್ತವು ಎಷ್ಟರಮಟ್ಟಿಗೆ ತೋರಿಸಿಕೊಡಬಲ್ಲದು ಎಂಬುದೇ ಈ ಲೇಖನದ ವಿಷಯ.

ಮೊದಲು ಹುಳುವಿನ ಪರಿಚಯ ಮಾಡಿಕೊಳ್ಳೋಣ. ಇದರ ಹೆಸರು ಟೀನಿಯಾ ಸೋಲಿಯಂ, ಲಾಡಿಹುಳುಗಳ ಜಾತಿಯದು. ಹಂದಿಯ ಅರೆಬೆಂದ ಮಾಂಸದೊಡನೆ ಇದರ ಮರಿಯನ್ನು ತಿಂದವನ ಕರುಳಿನಲ್ಲಿ ಹುಳು ಉದ್ದವಾಗಿ ಬೆಳೆಯುತ್ತದೆ. ಅದರ ತತ್ತಿಗಳು ಅವನ ಮಲದೊಡನೆ ಹೊರಬೀಳುತ್ತವೆ. ಆ ತತ್ತಿಗಳನ್ನು ಹಂದಿ ತಿಂದರೆ ಅದರ ಮಾಂಸದಲ್ಲಿ ಗುಳ್ಳೆಗಳಾಗುತ್ತವೆ. ಮನುಷ್ಯನು ನುಂಗಿದರೆ ಅವನ ಸ್ನಾಯು, ಕಣ್ಣು, ಮಿದುಳುಗಳಲ್ಲಿ ಗುಳ್ಳೆಗಳಾಗುತ್ತವೆ. ಆದುದರಿಂದ ಮಿದುಳಿನ ರೋಗವು ಬರುವುದು ಮಾಂಸದಿಂದಲ್ಲ, ಮಲ ಸೋಂಕಿದ ಕೈ, ನೀರು ಮತ್ತು ಸೊಪ್ಪುಗಳಿಂದ. ಹಂದಿಮಾಂಸವನ್ನು ಧರ್ಮವೇ ನಿಷೇಧಿಸಿದ ನ್ಯೂಯಾರ್ಕಿನ ಯೆಹೂದ್ಯ ಕುಟುಂಬಗಳಲ್ಲಿಯೂ ಈ ರೋಗ ಕಂಡುಬಂದ ಸಂಗತಿಯನ್ನು 1992ರಲ್ಲಿ ವೈದ್ಯರು ವರದಿ ಮಾಡಿದರು. ನಾವು ಜೋಳದ ರೊಟ್ಟಿಯೊಡನೆ ಹಕ್ಕರಕಿ, ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲುಗಳನ್ನು ಹಸಿಯಾಗಿಯೇ ತಿನ್ನುವವರು. ರೋಗಿಯ ಜಾತಿಯನ್ನೂ ಊಟವನ್ನೂ ಹಳಿಯುವವರು ಈ ಮಾತನ್ನು ನೆನಪಿನಲ್ಲಿಡಬೇಕು.

ಇನ್ನು ರಕ್ತಪರೀಕ್ಷೆ. ಮಲೇರಿಯವು ಮಿದುಳಿಗೇರಿದಾಗ ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಮಾನ್ಯವಾಗಿ ರೋಗಾಣುವೇ ಕಣ್ಣಿಗೆ ಬೀಳುತ್ತದೆ. ಅದು ಕೆಂಪು ರಕ್ತಕಣಗಳಲ್ಲಿಯೇ ವಾಸಿಸುತ್ತದೆಯಷ್ಟೆ. ಲಾಡಿಹುಳುವಿನ ಮರಿಯಾದರೋ ರಕ್ತದಲ್ಲಿ ನಿಲ್ಲುವುದಿಲ್ಲ. ಅದರ ವಿರುದ್ಧ ದೇಹವು ತಯಾರಿಸಿದ ಪ್ರತಿಕಾಯಗಳು ರಕ್ತದಲ್ಲಿ ಉಳಿದಿರುತ್ತವೆ. ಹುಳುವಿನಿಂದ ತೆಗೆದ ಪ್ರೋಟೀನುಗಳೊಡನೆ ರೋಗಿಯ ರಕ್ತದ ತಿಳಿಯನ್ನು ಸೇರಿಸಿದಾಗ, ಪ್ರತಿಕಾಯಗಳಿದ್ದರೆ ಅವು ಅಂಟಿಕೊಳ್ಳುತ್ತವೆ. ಅಂಟಿದುದನ್ನು ಬಣ್ಣದಿಂದ ಗುರುತಿಸುತ್ತಾರೆ. ಎಲೈಸಾ ಪರೀಕ್ಷೆಯ ತತ್ತ್ವವಿಷ್ಟೆ. ಆದರೆ ಬೇರೆ ಹುಳುಗಳ ಪ್ರತಿಕಾಯಗಳೂ ಕೆಲವೊಮ್ಮೆ ಇದರಲ್ಲಿ ಅಂಟಿಕೊಂಡು ದಾರಿ ತಪ್ಪಿಸುವುದುಂಟು. 1989ರಲ್ಲಿ ಅಮೆರಿಕದ ವಿಜ್ಞಾನಿಗಳು ಹುಳುವಿನ ಪ್ರೋಟೀನುಗಳನ್ನು ಬೇರೆ ಬೇರೆ ಪಟ್ಟಿಗಳಾಗಿ ವಿಂಗಡಿಸಿ ನೋಡುವ ಬ್ಲಾಟ್ ಪರೀಕ್ಷೆಯನ್ನು ರೂಪಿಸಿ, ಈ ದೋಷವನ್ನು ಬಹುಮಟ್ಟಿಗೆ ನಿವಾರಿಸಿದರು. ಮಿದುಳಿನಲ್ಲಿ ಎರಡು ಅಥವಾ ಹೆಚ್ಚು ಗುಳ್ಳೆಗಳಿರುವ ರೋಗಿಗಳಲ್ಲಿ ಇದು ನೂರಕ್ಕೆ ಸುಮಾರು 98 ಮಂದಿಯನ್ನು ಗುರುತಿಸಿತು.

ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ. ಭಾರತದ ರೋಗಿಗಳಲ್ಲಿ ಬಹುವಾಗಿ ಕಾಣುವುದು ಒಂದೇ ಒಂದು ಸಣ್ಣ ಗುಳ್ಳೆ, ಅದೂ ಸಾಯುತ್ತಿರುವಂಥದು. ಹಿಂದೆ ಇದನ್ನು ಕ್ಷಯದ ಗಂಟೆಂದು ತಿಳಿದು ಕ್ಷಯದ ಔಷಧಗಳನ್ನೇ ಕೊಡುತ್ತಿದ್ದರು. ಇಂತಹ ಗಂಟುಗಳಲ್ಲಿ ಅನೇಕವು ಹುಳುವಿನವೇ ಎಂದು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರು 1989ರಲ್ಲಿ ತೋರಿಸಿಕೊಟ್ಟರು. ಒಂಟಿ ಗುಳ್ಳೆಯ ಇಂತಹ ರೋಗಿಗಳಲ್ಲಿ ರಕ್ತಪರೀಕ್ಷೆಯು ಎಷ್ಟೋ ಸಲ 'ಇಲ್ಲ' ಎನ್ನುತ್ತದೆ. ಆ 'ಇಲ್ಲ'ವನ್ನು ನಂಬಿ ರೋಗವಿಲ್ಲವೆಂದು ಹೇಳುವಂತಿಲ್ಲ.

'ಇದೆ' ಎಂಬ ಉತ್ತರವನ್ನಾದರೂ ನಂಬಬಹುದೇ? ನಾನು ಇತಿಹಾಸದ ವಿದ್ಯಾರ್ಥಿ. ನನಗೆ ತಿಳಿದ ಹೋಲಿಕೆಯನ್ನೇ ಕೊಡುತ್ತೇನೆ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಅವನ ಆಜ್ಞೆ ಇಲ್ಲಿಯವರೆಗೆ ಬಂದಿತ್ತೆಂಬುದಕ್ಕೆ ಅದು ಸಾಕ್ಷಿ. ಅವನು ಈಗ ಇದ್ದಾನೆಂದಾಗಲಿ, ಇದೇ ಬಂಡೆಯ ಬಳಿ ನಿಂತಿದ್ದನೆಂದಾಗಲಿ ಅದರಿಂದ ಸಿದ್ಧವಾಗದು. ಪ್ರತಿಕಾಯವೂ ಹಾಗೆಯೇ. ಹುಳು ದೇಹಕ್ಕೆ ಬಂದಿತ್ತೆಂದು ಅದು ಹೇಳಬಲ್ಲದು. ಹುಳು ಸತ್ತ ಮೇಲೂ ಬಹುಕಾಲ ಉಳಿಯಬಲ್ಲದು. ಗುಳ್ಳೆಯು ತೋಳಿನ ಸ್ನಾಯುವಿನಲ್ಲಿದೆಯೋ ಮಿದುಳಿನಲ್ಲಿದೆಯೋ ಎಂಬುದನ್ನು ಹೇಳಲಾರದು. ಅದನ್ನು ತೋರಿಸುವುದು ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರ. ಚಿತ್ರ, ರೋಗಲಕ್ಷಣ, ರೋಗಿಯ ಪೂರ್ವವೃತ್ತಾಂತ, ರಕ್ತ ಇವೆಲ್ಲವನ್ನೂ ಒಟ್ಟಿಗೆ ತೂಗಿಯೇ ವೈದ್ಯನು ನಿರ್ಣಯಕ್ಕೆ ಬರಬೇಕು. ರಕ್ತವು ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ.

ಇದು ಬರಿಯ ಪಾಂಡಿತ್ಯದ ಮಾತಲ್ಲ. ಪ್ರಯೋಗಾಲಯದ ಚೀಟಿಯಲ್ಲಿ 'ಇದೆ' ಎಂದು ಕಂಡೊಡನೆ ಅಂಗಡಿಯಿಂದ ಜಂತುಹುಳುವಿನ ಗುಳಿಗೆ ತಂದು ನುಂಗುವುದು ಅಪಾಯಕರ. ಗುಳ್ಳೆಗಳು ಒಮ್ಮೆಲೇ ಸಾಯತೊಡಗಿದರೆ ಮಿದುಳಿನಲ್ಲಿ ಬಾವು ಹೆಚ್ಚಿ ಮೂರ್ಛೆ ಬಲಿಯಬಹುದು. ಕಣ್ಣಿನಲ್ಲಿ ಗುಳ್ಳೆಯಿದ್ದರೆ ದೃಷ್ಟಿಗೇ ಸಂಚಕಾರ. ಅಂತೆಯೇ ವೈದ್ಯರು ಮೊದಲು ಚಿತ್ರ ತೆಗೆಸಿ, ಕಣ್ಣು ಪರೀಕ್ಷಿಸಿ, ಬಾವು ಇಳಿಸುವ ಔಷಧವನ್ನೂ ಜೊತೆಗೆ ಕೊಡುತ್ತಾರೆ. ಮೂರ್ಛೆಯ ಗುಳಿಗೆಗಳನ್ನು ಮನಸ್ಸಿಗೆ ಬಂದಾಗ ನಿಲ್ಲಿಸುವುದೂ ಅಷ್ಟೇ ತಪ್ಪು.

ನಮ್ಮಲ್ಲಿ ಬಹುಮಂದಿ ನಮ್ಮ ಮನೆಗಳಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ವೈದ್ಯರ ಚೀಟಿಯನ್ನು ಓದಿ ಹೇಳೆಂದು ನೆರೆಹೊರೆಯವರು ನಮ್ಮ ಕೈಗೇ ಕೊಡುತ್ತಾರೆ. ಆಗ ಚೀಟಿಯಲ್ಲಿರುವ ಒಂದು ಪದವನ್ನೇ ತೀರ್ಪೆಂದು ಓದಿ ಹೇಳದೆ, ರೋಗಿಯನ್ನು ನರರೋಗ ಬಲ್ಲ ವೈದ್ಯರ ಬಳಿಗೆ ಕಳುಹಿಸುವುದೂ, ಶೌಚಾಲಯದ ಬಳಕೆ, ಕೈತೊಳೆಯುವಿಕೆ, ಸೊಪ್ಪನ್ನು ಚೆನ್ನಾಗಿ ತೊಳೆದು ತಿನ್ನುವುದು ಇವುಗಳನ್ನು ಮೊದಲು ನಮ್ಮ ಮನೆಯಲ್ಲಿಯೇ ಆಚರಣೆಗೆ ತರುವುದೂ ನಮ್ಮ ವಿದ್ಯೆಗೆ ಒಪ್ಪುವ ಕಾರ್ಯಗಳೆಂದು ನಾನು ಭಾವಿಸುತ್ತೇನೆ.